ಗಾಲಿಯ ಮೇಲಿನ ಮನೆಗೆ ಹೊಣೆ ಯಾರು?

ಕಾರವಾನ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಮರಳುಗಾಡಿನಲ್ಲಿ ಸಾಲುಗಟ್ಟಿ ನಡೆಯುವ ಒಂಟೆಗಳು. ಪಾರಸಿ ನುಡಿಯಿಂದ ಹೊರಟ ಈ ಶಬ್ದ ಇಂಗ್ಲೆಂಡನ್ನು ಸೇರಿದ ಮೇಲೆ ಬೇರೊಂದು ಅರ್ಥ ತಳೆಯಿತು. ಗಾಲಿಯ ಮೇಲೆ ಕಟ್ಟಿದ ಮನೆ ಅಲ್ಲಿ ಕಾರವಾನ್ ಎನಿಸಿಕೊಂಡಿತು. ೧೮೮೫ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ನೌಕಾಪಡೆಯ ನಿವೃತ್ತ ವೈದ್ಯರು ಬ್ರಿಸ್ಟಲ್ ನಗರದ ಕಾರ್ಖಾನೆಯೊಂದರಲ್ಲಿ ಇಂಥ ಮನೆಯೊಂದನ್ನು ಮಾಡಿಸಿ, ‘ವಾಂಡರರ್’ ಎಂದು ಹೆಸರಿಟ್ಟು, ಎರಡು ಕುದುರೆ ಕಟ್ಟಿ ದೇಶ ಸುತ್ತಿದರು. ವಿಹಾರಕ್ಕೆಂದೇ ಕಟ್ಟಿದ ಕಾರವಾನುಗಳಲ್ಲಿ ಇದೇ ಮೊದಲನೆಯದೆಂದು ಹೇಳುವುದುಂಟು. ೧೯೧೯ರಿಂದೀಚೆಗೆ ಕುದುರೆಯ ಬದಲು ಮೋಟಾರು ಕಾರು ಅದನ್ನು ಎಳೆಯತೊಡಗಿತು. ಸಿರಿವಂತರ ಹವ್ಯಾಸವಾಗಿದ್ದುದು ಎರಡನೆಯ ಮಹಾಯುದ್ಧದ ತರುವಾಯ ಮಧ್ಯಮ ವರ್ಗದ ಸಂಸಾರಗಳಿಗೂ ರಜೆಯ ಸಂಗಾತಿಯಾಯಿತು.

ಆದರೆ ಈ ಮನೆಗೊಂದು ಹಳೆಯ ರೋಗವುಂಟು. ಬಹುಕಾಲ ಇದನ್ನು ಕಟ್ಟುತ್ತಿದ್ದುದು ಹೊರಗೆ ಅಲ್ಯುಮಿನಿಯಂ ತಗಡು, ಒಳಗೆ ಮರದ ಚೌಕಟ್ಟು ಇಟ್ಟು. ತಗಡುಗಳ ಸಂದು ಸಡಿಲವಾದರೆ ಮಳೆಯ ನೀರು ಒಳಕ್ಕಿಳಿಯುತ್ತದೆ. ಹೊರಗಿನ ಹೊಳಪು ಮಾಸುವ ಮೊದಲೇ ಒಳಗೆ ಮರ ಕೊಳೆಯುತ್ತದೆ. ಮುಗ್ಗಲು ವಾಸನೆ ಮೂಗಿಗೆ ಬಡಿಯುವ ಹೊತ್ತಿಗೆ ಎಷ್ಟೋ ಕಾಲ ಕಳೆದಿರುತ್ತದೆ. ವರ್ಷಗಟ್ಟಲೆ ಕೂಡಿಟ್ಟ ಹಣವನ್ನು ತೆತ್ತವನು ಮಾರಿದವನಲ್ಲಿಗೆ ಓಡಿದರೆ, ‘ಕಾರ್ಖಾನೆಗೆ ಬರೆಯಿರಿ’ ಎಂಬ ಉತ್ತರ. ಕಾರ್ಖಾನೆಗೆ ಬರೆದರೆ ಅದು ವಾರಂಟಿ ಕಾಗದದ ಷರತ್ತುಗಳನ್ನು ತೋರಿಸುತ್ತದೆ. ಹಾಗಾದರೆ ಹೊಣೆ ಯಾರದು? ಈ ಪ್ರಶ್ನೆಗೆ ಇಂಗ್ಲೆಂಡಿನ ನ್ಯಾಯಪದ್ಧತಿ ಉತ್ತರ ಕಂಡುಕೊಂಡದ್ದು ನಾಲ್ಕು ಶತಮಾನಗಳ ಕಥೆ.

೧೬೦೩ರ ಒಂದು ಮೊಕದ್ದಮೆ ಹೀಗಿದೆ. ಅಕ್ಕಸಾಲಿಗನೊಬ್ಬ ನೂರು ಪೌಂಡಿಗೆ ಒಂದು ಬೆಜೋರ್ ಕಲ್ಲನ್ನು ಮಾರಿದ. ಅದು ಪ್ರಾಣಿಗಳ ಹೊಟ್ಟೆಯಲ್ಲಿ ದೊರೆಯುವ, ನಮ್ಮ ಗೋರೋಚನದ ಜಾತಿಯ ವಸ್ತು. ವಿಷವನ್ನು ಇಳಿಸುತ್ತದೆಂದು ಆಗಿನವರ ನಂಬಿಕೆ. ಮಾರಿದ್ದು ಬೆಜೋರ್ ಅಲ್ಲವೆಂದು ಆಮೇಲೆ ದೂರಾಯಿತು. ಆದರೂ ಸೋತವನು ಕೊಂಡವನೇ. ‘ಬೆಜೋರ್’ ಎಂದದ್ದು ಬರಿಯ ಮಾತು, ಅದಕ್ಕೆ ತಾನು ಜವಾಬ್ದಾರನೆಂದು ಮಾರಿದವನು ಒಪ್ಪಿಕೊಂಡಿರಲಿಲ್ಲ ಎಂಬುದು ತೀರ್ಪಿನ ತಿರುಳು. ಕೊಳ್ಳುವವನೇ ಎಚ್ಚರವಾಗಿರಬೇಕೆಂಬ ಸೂತ್ರ ಹೀಗೆ ಬೇರೂರಿತು. ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸಿ, ನಡೆಸಿ ನೋಡಿ ಕೊಳ್ಳುವವನಿಗೆ ಈ ಸೂತ್ರ ಸಾಕು. ಗೋಡೆಯೊಳಗಿನ ಮರವನ್ನು ಕಾಣುವ ಕಣ್ಣು ಯಾರಿಗಿದೆ?

ಕೈಗಾರಿಕೆ ಬೆಳೆದಂತೆ ಸೂತ್ರ ಸಡಿಲವಾಗತೊಡಗಿತು. ೧೮೨೯ರಲ್ಲಿ, ಹಡಗಿನ ತಳಕ್ಕೆ ಹೊದಿಸಲೆಂದು ಕೊಂಡ ತಾಮ್ರದ ತಗಡು ವರ್ಷಗಟ್ಟಲೆ ಬಾಳುವ ಬದಲು ಕೆಲವೇ ತಿಂಗಳಲ್ಲಿ ಸವೆದುಹೋದ ವ್ಯಾಜ್ಯ ಬಂದಿತು. ಯಾವ ಕೆಲಸಕ್ಕೆಂದು ತಿಳಿದು ಮಾರಿದನೋ ಆ ಕೆಲಸಕ್ಕೆ ಒದಗುವ ವಸ್ತುವನ್ನೇ ಅವನು ಕೊಡತಕ್ಕದ್ದೆಂದು ನ್ಯಾಯಾಲಯ ಹೇಳಿತು. ೧೮೭೭ರ ಮೊಕದ್ದಮೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಗಾಡಿ ಮಾಡುವವನಿಂದ ಕೊಂಡ ಮೂಕಿಮರ ಮುರಿದು ಕುದುರೆಗಳಿಗೆ ಪೆಟ್ಟಾಯಿತು. ಗಾಡಿ ಮಾಡುವವನಲ್ಲಿ ಅಜಾಗರೂಕತೆ ಇರಲಿಲ್ಲವೆಂದು ಜ್ಯೂರಿಯೇ ಹೇಳಿತ್ತು. ಆದರೂ ಹೊಣೆ ಅವನದೇ ಎಂದು ಮೇಲಿನ ನ್ಯಾಯಾಲಯ ನಿರ್ಣಯಿಸಿತು.

ಇದು ಅನ್ಯಾಯವಲ್ಲವೆ ಎಂದು ಯಾರಾದರೂ ಕೇಳಬಹುದು. ಇಬ್ಬರೂ ನಿರಪರಾಧಿಗಳೇ ನಿಜ. ಆದರೆ ಒಬ್ಬನು ನಂಬಿ ಹಣ ಕೊಟ್ಟವನು, ಇನ್ನೊಬ್ಬನು ಆ ನಂಬಿಕೆಯಿಂದ ಲಾಭ ಪಡೆದವನು. ಅಂಗಡಿಯವನು ತನಗೆ ಮಾಲು ಒದಗಿಸಿದವನನ್ನು ಹಿಡಿದು ಕೇಳಬಲ್ಲ. ಕೊಂಡವನಿಗೆ ಗೊತ್ತಿರುವುದು ಅಂಗಡಿಯ ಬಾಗಿಲೊಂದೇ.

೧೮೯೩ರ ಸರಕು ಮಾರಾಟದ ಕಾಯಿದೆ ಈ ತೀರ್ಪುಗಳ ಸಾರವನ್ನು ಒಂದೆಡೆ ಹಿಡಿದಿಟ್ಟಿತು. ಆದರೆ ಕರಾರಿನಲ್ಲಿ ಬರೆದು ಹೊಣೆ ಕಳಚಿಕೊಳ್ಳಲು ಅದರಲ್ಲೊಂದು ಕಂಡಿಯಿತ್ತು. ಸಣ್ಣಕ್ಷರದ ಷರತ್ತುಗಳು ಅದರೊಳಗೆ ನುಸುಳಿದವು. ಕಂತಿನ ವ್ಯಾಪಾರದಲ್ಲಿ ಮತ್ತೊಂದು ತೊಡಕು: ಮಾತನಾಡುವವನು ವ್ಯಾಪಾರಿ, ಕರಾರು ಮಾತ್ರ ಹಣ ಒದಗಿಸುವ ಕಂಪನಿಯೊಡನೆ. ೧೯೫೦ರ ದಶಕದಲ್ಲಿ ಹೀಗೆ ಕೊಂಡ ಹಳೆಯ ಕಾರೊಂದರ ಸ್ಟಿಯರಿಂಗ್ ಕೆಲವೇ ದಿನಗಳಲ್ಲಿ ಕೈಕೊಟ್ಟು, ಕೊಂಡವನು ಲಾರಿಗೆ ಡಿಕ್ಕಿ ಹೊಡೆದು ಗಾಯಗೊಂಡ. ಕಾರು ಒಳ್ಳೆಯದೆಂದು ಭರವಸೆ ಕೊಟ್ಟ ವ್ಯಾಪಾರಿಯೇ ಹೊಣೆಯೆಂದು ತೀರ್ಪಾಯಿತು. ಕಾಯಿದೆಯ ಕಂಡಿಯನ್ನು ಬಳಕೆದಾರರ ಮಟ್ಟಿಗೆ ಮುಚ್ಚಿದ್ದು ೧೯೭೩ರಲ್ಲಿ.

ಈಗ ಬ್ರಿಟನ್ನಿನಲ್ಲಿ ನಡೆಯುತ್ತಿರುವುದು ೨೦೧೫ರ ಬಳಕೆದಾರರ ಹಕ್ಕುಗಳ ಕಾಯಿದೆ. ಕಾರವಾನು ದೋಷವುಳ್ಳದ್ದಾದರೆ ಮೊದಲ ೩೦ ದಿನಗಳೊಳಗೆ ಹಿಂತಿರುಗಿಸಿ ಪೂರ್ತಿ ಹಣ ಕೇಳಬಹುದು. ಆಮೇಲಾದರೆ ದುರಸ್ತಿಗೋ ಬದಲಿಗೋ ಒಂದು ಅವಕಾಶ ಕೊಡಬೇಕು. ಅದರ ಖರ್ಚು ಮಾರಿದವನದು. ಒಮ್ಮೆ ದುರಸ್ತಿಯಾದರೂ ದೋಷ ಉಳಿದರೆ ಹಿಂತಿರುಗಿಸಬಹುದು, ಇಲ್ಲವೆ ಬೆಲೆಯಲ್ಲಿ ಕಡಿತ ಕೇಳಬಹುದು. ಆರು ತಿಂಗಳೊಳಗೆ ಕಂಡ ದೋಷ ಮೊದಲೇ ಇರಲಿಲ್ಲವೆಂದು ತೋರಿಸುವ ಭಾರವೂ ಸಾಮಾನ್ಯವಾಗಿ ಮಾರಿದವನ ಮೇಲೆಯೇ. ಕಾರ್ಖಾನೆಯ ವಾರಂಟಿ ಈ ಹಕ್ಕಿನ ಮೇಲೆ ಸೇರುವ ಅನುಕೂಲವೇ ಹೊರತು ಹಕ್ಕಿಗೆ ಬದಲಿಯಲ್ಲ. ಹಾಗೆಂದು ವ್ಯಾಪಾರಿಯನ್ನು ಕಾಯಿದೆ ಗಲ್ಲಿಗೇರಿಸಿಲ್ಲ: ಮಾರುವಾಗಲೇ ತೋರಿಸಿಕೊಟ್ಟ ಕುಂದಿಗೂ, ಬಳಸಿ ಸವೆದದ್ದಕ್ಕೂ ಅವನು ಹೊಣೆಯಲ್ಲ.

ಕಾರವಾನು ಕೊಳ್ಳದ ನಮಗೆ ಇದೆಲ್ಲ ಏಕೆ? ನಮ್ಮ ೧೯೩೦ರ ಸರಕು ಮಾರಾಟದ ಕಾಯಿದೆ ಆ ೧೮೯೩ರ ಕಾಯಿದೆಯ ಅಚ್ಚಿನಲ್ಲೇ ಎರಕವಾದದ್ದು. ೧೯೮೬ರಲ್ಲಿ ಬಂದ ಗ್ರಾಹಕ ಸಂರಕ್ಷಣೆಯ ಕಾಯಿದೆಯ ಜಾಗದಲ್ಲಿ ಈಗ ೨೦೧೯ರ ಕಾಯಿದೆ ನಿಂತಿದೆ. ರಸೀದಿಯಲ್ಲಿ ಅವಧಿ ಹೇಳದಿದ್ದರೆ, ದೋಷವುಳ್ಳ ಸರಕನ್ನು ೩೦ ದಿನಗಳೊಳಗೆ ಹಿಂದಕ್ಕೆ ಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರವೆಂದು ಅದು ಸಾರುತ್ತದೆ. ‘ಮಾರಿದ ಸರಕನ್ನು ವಾಪಸು ತೆಗೆದುಕೊಳ್ಳುವುದಿಲ್ಲ’ ಎಂಬ ಫಲಕ ನಮ್ಮ ಅಂಗಡಿಗಳಲ್ಲಿ ಇನ್ನೂ ತೂಗುತ್ತದೆ. ಅದನ್ನು ಓದಿ ತಲೆ ತಗ್ಗಿಸಿ ಮನೆಗೆ ಹಿಂದಿರುಗುವವರು, ಮುರಿದ ಮೂಕಿಮರವನ್ನು ಹೊತ್ತು ನ್ಯಾಯಾಲಯದ ಮೆಟ್ಟಿಲು ಹತ್ತಿದ ಆ ಹೆಸರಿಲ್ಲದ ಗ್ರಾಹಕನನ್ನು ಒಮ್ಮೆ ನೆನೆಯುವುದು ಒಳ್ಳೆಯದು.