ಬೆಳ್ಳಿಗೆ ರೇಟಿದೆ, ಕೈಗೆ?

ಹೈದರಾಬಾದ್‌ನಿಂದ ಸೋಲಾಪುರದ ಕಡೆ ಹೊರಟರೆ ಹುಮನಾಬಾದ್‌ಗಿಂತ ಮುಂಚೆ ಮನ್ನಾಏಖೇಳ್ಳಿ ಸಿಗುತ್ತೆ. ಅಲ್ಲಿಂದ ಬೀದರ್‌ಗೆ ದಾರಿ ಒಡೆಯುತ್ತದೆ. ವಿದೇಶಿ ಕ್ಲೈಂಟ್ ಬಂದಾಗ ಆಫೀಸಿನವರು ಕೊಡುವ ಕಪ್ಪು ಹೂದಾನಿ, ಅದರ ಮೈಮೇಲೆ ಬೆಳ್ಳಿಯ ಬಳ್ಳಿ ನೋಡಿದ್ದೀರಲ್ಲ, ಆ ಬಿದ್ರಿಯ ಊರು ಇದೇ ಬೀದರ್. ಊರಿನ ಹೆಸರು ನಮಗೆಲ್ಲ ಗೊತ್ತು. ಮಾಡಿದವರ ಹೆಸರು?

ಬಿದ್ರಿ ಬೆಳೆದದ್ದು ಸುಲ್ತಾನರ ಆಸರೆಯಲ್ಲಿ. 15ನೇ ಶತಮಾನದಲ್ಲಿ ಬಹಮನಿಗಳ ರಾಜಧಾನಿ ಕಲಬುರಗಿಯಿಂದ ಬೀದರ್‌ಗೆ ಬಂತು. ಹುಕ್ಕಾದ ಬುರುಡೆ, ಪಾನ್‌ದಾನ್, ಹೂಜಿ ಮಾಡಿಸುತ್ತಿದ್ದವರು ಅರಮನೆಯವರು, ಶ್ರೀಮಂತರು. 1851ರ ಲಂಡನ್ ಮಹಾ ಪ್ರದರ್ಶನಕ್ಕೂ ಬಿದ್ರಿ ಹೋಗಿತ್ತು. ಅರಮನೆಗಳ ಕಾಲ ಮುಗಿದ ಮೇಲೆ ಉಳಿದದ್ದು ಅಂಗಡಿ.

ಕೆಲಸ ಸುಲಭದ್ದಲ್ಲ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯಬೇಕು. ಉಜ್ಜಿ ನುಣುಪು ಮಾಡಿ, ಮೈಲುತುತ್ತ ಬಳಿದು, ಆ ಕಪ್ಪಿನ ಮೇಲೆ ಕೈಯಿಂದಲೇ ಚಿತ್ರ ಬರೆಯಬೇಕು. ಉಳಿಯಿಂದ ಕೆತ್ತಿದ ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸಿ ಬಡಿಯಬೇಕು. ಕೊನೆಗೆ ಕೋಟೆಯ ಮಣ್ಣು, ನವಸಾಗರ ಬೆರೆಸಿದ ಬಿಸಿನೀರು. ಲೋಹ ಕಪ್ಪಾಗುತ್ತೆ, ಬೆಳ್ಳಿ ಬೆಳ್ಳಗೇ ಉಳಿಯುತ್ತೆ.

ಈಗ ಬಿಲ್ ಬಿಡಿಸಿ ನೋಡಿ. ಬೆಳ್ಳಿಗೆ, ಸತುವಿಗೆ ಪೇಟೆಯ ದಿನದ ರೇಟಿದೆ. ಅಲ್ಲಿ ಚೌಕಾಸಿ ನಡೆಯೊಲ್ಲ. ಕೆತ್ತುವವರ ಮಜೂರಿಗೆ ಅಂಥ ರೇಟಿಲ್ಲ. ಬೆಳ್ಳಿ ಏರಿದಾಗ ಗಿರಾಕಿ ಬೆಲೆ ಇಳಿಸಿ ಅಂತಾರೆ. ಆಗ ಹಿಂಡೋಕೆ ಸಿಗೋದು ಮಜೂರಿ ಒಂದೇ.

ಇದು ಬೀದರ್‌ಗೆ ಮಾತ್ರ ಬಂದ ಕಷ್ಟ ಅಲ್ಲ. ನಮ್ಮಲ್ಲಿ ಕೆಲವರು ವೀಕೆಂಡ್‌ನಲ್ಲಿ ದಾಳ ಉರುಳಿಸಿ ಆಡುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಬಂತು. ಅದನ್ನು ರೂಪಿಸಿದ ಇಬ್ಬರಲ್ಲಿ ಒಬ್ಬರಾದ ಡೇವ್ ಆರ್ನೆಸನ್ ರಾಯಲ್ಟಿಗಾಗಿ 1979ರಲ್ಲಿ ಕಂಪನಿಯ ಮೇಲೆ ಕೋರ್ಟಿಗೆ ಹೋಗಬೇಕಾಯ್ತು. ಆದರೆ ತೋರಿಸೋಕೆ ಅವರ ಕೈಯಲ್ಲಿ ಒಪ್ಪಂದದ ಕಾಗದವಾದರೂ ಇತ್ತು. ನಗಕ್ಕಿಷ್ಟು ಅಂತ ದುಡಿಯುವವರು ಏನು ತೋರಿಸಬೇಕು? ಬಳ್ಳಿಯ ವಿನ್ಯಾಸ ಅವರದೇ ಆಗಿದ್ದರೂ, ವಸ್ತು ಕೈದಾಟಿದ ಮೇಲೆ ಲೆಕ್ಕ ಮುಗೀತು.

ಗೌರವಕ್ಕೇನೂ ಕೊರತೆ ಇಲ್ಲ. 2006ರಲ್ಲಿ ಬಿದ್ರಿಗೆ ಭೌಗೋಳಿಕ ಸೂಚಕದ ಮಾನ್ಯತೆ ಬಂತು. 2011ರ ಗಣರಾಜ್ಯೋತ್ಸವದಲ್ಲಿ ಕರ್ನಾಟಕದ ಸ್ತಬ್ಧಚಿತ್ರ ಬಿದ್ರಿಯದೇ. 2023ರಲ್ಲಿ ಬೀದರ್‌ನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ. ಎಲ್ಲವೂ ಸಲ್ಲಬೇಕಾದದ್ದೇ. ಆದರೆ ಭೌಗೋಳಿಕ ಸೂಚಕ ಕಾಯೋದು ‘ಬಿದ್ರಿ’ ಅನ್ನೋ ಹೆಸರನ್ನು. ಮಜೂರಿ ಎಷ್ಟಿರಬೇಕು ಅಂತ ಹೇಳೋದು ಅದರ ಕೆಲಸವಲ್ಲ.

ಅರಮನೆಯವರು ಕೂತಿದ್ದ ಜಾಗದಲ್ಲಿ ಇವತ್ತು ಕೂತಿರೋದು ಕೊಳ್ಳುವ ನಾವು. ಮುಂದಿನ ಸಲ ಹೂದಾನಿ ಎತ್ತಿಕೊಂಡಾಗ ಬೆಲೆ ಇಳಿಸಿ ಅನ್ನೋ ಮೊದಲು ಒಂದು ಮಾತು ಕೇಳಿ: ಇದರಲ್ಲಿ ಮಜೂರಿ ಎಷ್ಟು?