ಮೂರು ಹೆಸರು, ಒಂದು ಕುರ್ಚಿ

ನಮ್ಮ ಮನೆಯ ಟ್ರಂಕಿನಲ್ಲಿ ನಾಲ್ಕು ಪದವಿ ಪತ್ರಗಳಿವೆ. ಅಪ್ಪನದು ಮದರಾಸು ವಿಶ್ವವಿದ್ಯಾಲಯದ್ದು. ಚಿಕ್ಕಪ್ಪನದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದು. ನನ್ನದು ಗುಲ್ಬರ್ಗಾದ್ದು, ಮಗಳದು ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ್ದು. ನಾಲ್ವರೂ ಓದಿದ್ದು ಬಳ್ಳಾರಿಯಲ್ಲೇ. ಬೆಳಿಗ್ಗೆ ನಮ್ಮೂರು ಮೋಕದಲ್ಲಿ ಬಸ್ಸು ಹತ್ತಿ, ಸಂಜೆ ಅದೇ ದಾರಿಯಲ್ಲಿ ಹಗರಿ ಸೀಮೆಯ ಎರೆಹೊಲ ನೋಡುತ್ತಾ ಮನೆಗೆ ಬಂದವರು. ಮನೆ ಕದಲಲಿಲ್ಲ, ದಾರಿ ಬದಲಾಗಲಿಲ್ಲ. ಪತ್ರದ ಕೆಳಗೆ ಸಹಿ ಹಾಕುವ ಕುಲಪತಿ ಕೂರುವ ಊರು ಮಾತ್ರ ಮೂರು ತಲೆಮಾರಿನಲ್ಲಿ ನಾಲ್ಕಾಯಿತು.

ನಾನು ಬಳ್ಳಾರಿಯ ಒಂದು ಪದವಿ ಕಾಲೇಜಿನ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ, ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದವನು. ಮಾರ್ಕ್ಸ್ ಕಾರ್ಡು, ಸಂಯೋಜನೆಯ ಕಡತ, ಘಟಿಕೋತ್ಸವದ ಅರ್ಜಿ ಇವೇ ನನ್ನ ಅನ್ನ. ಪಾಠ ಮಾಡುವವರು ಪುಸ್ತಕ ನೋಡುತ್ತಾರೆ, ನಮ್ಮಂಥವರು ಸಹಿ ನೋಡುತ್ತೇವೆ. ಈ ಸಹಿ ಹಾಕುವವರನ್ನು ಯಾರು, ಎಲ್ಲಿ ಕೂತು, ಏನು ನೋಡಿ ಆರಿಸುತ್ತಾರೆ ಎಂಬ ಕುತೂಹಲ ನನಗೆ ಅಂಟಿದ್ದು ಹಾಗೆ.

ಅಪ್ಪ ಓದಿದ ವೀರಶೈವ ಕಾಲೇಜು ಶುರುವಾದದ್ದು 1945ರಲ್ಲಿ. ಆಗ ಬಳ್ಳಾರಿ ಮದರಾಸು ಪ್ರಾಂತ್ಯದ ಜಿಲ್ಲೆ. ಮದರಾಸಿನ ಕುಲಪತಿ ಎ. ಲಕ್ಷ್ಮಣಸ್ವಾಮಿ ಮೊದಲಿಯಾರ್. ಹೆರಿಗೆ ವೈದ್ಯದಲ್ಲಿ ದೊಡ್ಡ ಹೆಸರು. ಅವರ ಅವಳಿ ಸೋದರ ರಾಮಸ್ವಾಮಿ ಮೊದಲಿಯಾರ್ ಮೈಸೂರಿನ ಕೊನೆಯ ದಿವಾನರು. ಲಕ್ಷ್ಮಣಸ್ವಾಮಿಗಳು 1942ರಲ್ಲಿ ಕುರ್ಚಿಯಲ್ಲಿ ಕೂತವರು ಎದ್ದದ್ದು 1969ರಲ್ಲಿ. ಇಪ್ಪತ್ತೇಳು ವರ್ಷ! ಈಗ ಒಬ್ಬ ಕುಲಪತಿಗೆ ಸಿಗುವುದು ನಾಲ್ಕು. ಅವರ ಯೋಗ್ಯತೆಯನ್ನು ಯಾರೂ ಪ್ರಶ್ನಿಸಲಿಲ್ಲ. ಆದರೆ ಅವರನ್ನು ಆರಿಸುವಾಗಲಾಗಲಿ, ಮತ್ತೆ ಮತ್ತೆ ಮುಂದುವರಿಸುವಾಗಲಾಗಲಿ ಹಗರಿ ದಂಡೆಯ ಕನ್ನಡದ ಹುಡುಗರ ನೆನಪು ಯಾರಿಗಾದರೂ ಆಗಿರಬಹುದೆಂದು ನಾನು ನಂಬಲಾರೆ. ಮದರಾಸಿಗೆ ನಾವು ಒಂದು ಮೂಲೆ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಅದೇ ದಿನ ಬಳ್ಳಾರಿ ಮೈಸೂರಿಗೆ ಬಂತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆ ಹೋದವು. ಬಳ್ಳಾರಿ ತಾಲ್ಲೂಕು ಯಾರಿಗೆ ಸೇರಬೇಕೆಂಬ ಜಗಳವನ್ನು ನ್ಯಾಯಮೂರ್ತಿ ಎಲ್. ಎಸ್. ಮಿಶ್ರಾ ತೀರ್ಮಾನ ಮಾಡಬೇಕಾಯಿತು. ಗಡಿ ನಮ್ಮ ಊರಿನಾಚೆಗೆ ಬಿತ್ತು. ಮೋಕದ ಸಂತೆಯಲ್ಲಿ ಇವತ್ತಿಗೂ ಒಂದೇ ಉಸಿರಿನಲ್ಲಿ ತೆಲುಗಿನಲ್ಲಿ ದರ ಕೇಳಿ ಕನ್ನಡದಲ್ಲಿ ಚೌಕಾಸಿ ಮಾಡುವವರಿದ್ದಾರೆ. ಗಡಿ ನಾಡಿನ ವಿಶ್ವವಿದ್ಯಾಲಯ ಎಂದರೆ ಇಂಥವರ ಮಕ್ಕಳು ಬರುವ ಜಾಗ.

ಹೊಸದಾಗಿ ನಮ್ಮದಾದ ಮೈಸೂರು ರಾಜ್ಯಕ್ಕೆ ಕುಲಪತಿಯನ್ನು ಹುಡುಕುವ ವಿಷಯದಲ್ಲಿ ಆಗಲೇ ಒಂದು ಇತಿಹಾಸವಿತ್ತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಶುರುವಾದಾಗ ಮೊದಲ ಕುಲಪತಿ ಎಚ್. ವಿ. ನಂಜುಂಡಯ್ಯ. ಸಂಸ್ಥಾನದ ಹಿರಿಯ ಅಧಿಕಾರಿ, ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರೂ ಅವರೇ. ಅವರು ತೀರಿಕೊಂಡ ಮೇಲೆ ನಾಲ್ವಡಿಯವರ ಸರ್ಕಾರ ನೋಡಿದ್ದು ಕಲ್ಕತ್ತೆಯ ಕಡೆ. 1921ರಲ್ಲಿ ಬ್ರಜೇಂದ್ರನಾಥ ಸೀಲ್ ಬಂದರು, 1930ರವರೆಗೆ ಇದ್ದರು. ಬಂಗಾಳದ ತತ್ತ್ವಶಾಸ್ತ್ರಜ್ಞ, ಮೈಸೂರಿನ ರಾಜ್ಯಾಂಗ ಸುಧಾರಣಾ ಸಮಿತಿಯ ಅಧ್ಯಕ್ಷತೆಯನ್ನೂ ವಹಿಸಿದರು. ಅವರ ನಂತರ ಇಂಗ್ಲಿಷರಾದ ಮೆಟ್‌ಕಾಫ್. ಒಳ್ಳೆಯವರನ್ನು ಎಲ್ಲಿಂದಾದರೂ ಕರೆತರಬೇಕೆಂಬ ಧೈರ್ಯ ಆ ಸಂಸ್ಥಾನಕ್ಕಿತ್ತು. ಅರ್ಜಿ ಹಾಕಿಸಿಕೊಳ್ಳುವುದಿರಲಿಲ್ಲ, ಕರೆಯುವುದಿತ್ತು.

ಅದೇ ಕಾಲಕ್ಕೆ ಅದೇ ಊರಿನಲ್ಲಿ ಇನ್ನೊಂದು ಪ್ರಶ್ನೆಯೂ ಎದ್ದಿತ್ತು. ಸರ್ಕಾರದ ಕೆಲಸಗಳೆಲ್ಲ ಒಂದೇ ಜಾತಿಯವರ ಪಾಲಾಗುತ್ತಿವೆ ಎಂಬ ದೂರಿನ ಮೇಲೆ 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಉಳಿದವರಿಗೂ ಪಾಲು ಕೊಡಿ ಎಂದು ಅದು ಶಿಫಾರಸು ಮಾಡಿತು. ಯೋಗ್ಯತೆಯೋ, ಪಾಲೋ ಎಂಬ ಜಗಳ ನಮ್ಮಲ್ಲಿ ನೂರು ವರ್ಷ ಹಳೆಯದು. ಕುಲಪತಿಯ ಕುರ್ಚಿಯ ತನಕ ಅದು ತಲುಪಲು ಸಮಯ ಹಿಡಿಯಿತು. 1956ರಲ್ಲಿ ಕುವೆಂಪು ಕುಲಪತಿಯಾದರು. ಮೈಸೂರು ವಿಶ್ವವಿದ್ಯಾಲಯದಲ್ಲೇ ಓದಿ ಅದರ ಕುಲಪತಿಯಾದವರಲ್ಲಿ ಅವರೇ ಮೊದಲಿಗರು. ಮಲೆನಾಡಿನ ಒಕ್ಕಲು ಮನೆತನದಿಂದ ಬಂದು, ಕನ್ನಡ ಮೇಷ್ಟ್ರಾಗಿದ್ದವರು ಆ ಕುರ್ಚಿಗೆ ಬಂದದ್ದು ನಮ್ಮಪ್ಪನ ಪೀಳಿಗೆಗೆ ದೊಡ್ಡ ಸುದ್ದಿ. ‘ನಮ್ಮಂಥವರೂ ಆಗಬಹುದು ಅನ್ನಿಸಿದ್ದು ಆವಾಗಲೇ ನೋಡು’ ಎಂದು ಅಪ್ಪ ಹೇಳುತ್ತಿದ್ದರು. ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಆವರಣ ಎದ್ದದ್ದು ಅವರ ನಾಲ್ಕು ವರ್ಷದ ಅವಧಿಯಲ್ಲಿ.

ಚಿಕ್ಕಪ್ಪನ ಕಾಲಕ್ಕೆ ಬಳ್ಳಾರಿಯ ಕಾಲೇಜುಗಳು ಧಾರವಾಡಕ್ಕೆ ಸೇರಿದ್ದವು. ಅಲ್ಲಿ ಡಿ. ಸಿ. ಪಾವಟೆ. ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ಗಣಿತ ಓದಿ, ಮುಂಬಯಿ ಪ್ರಾಂತ್ಯದ ಶಿಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದವರು. 1954ರಿಂದ 1967ರವರೆಗೆ ಕುಲಪತಿ, ಆಮೇಲೆ ಪಂಜಾಬಿನ ರಾಜ್ಯಪಾಲ. ಧಾರವಾಡದ ಗುಡ್ಡದ ಮೇಲಿನ ಆವರಣವನ್ನು ಕಟ್ಟಿದ ಕೀರ್ತಿ ಅವರದು. ಚಿಕ್ಕಪ್ಪ ಹುಬ್ಬಳ್ಳಿ ಗಾಡಿ ಹತ್ತಿ ಘಟಿಕೋತ್ಸವಕ್ಕೆ ಹೋಗಿ, ಅವರನ್ನು ದೂರದಿಂದ ನೋಡಿ ಬಂದದ್ದನ್ನು ಸಾಯುವತನಕ ಹೇಳಿದರು.

1980ರಲ್ಲಿ ಗುಲ್ಬರ್ಗಾ ಮತ್ತು ಮಂಗಳೂರು ವಿಶ್ವವಿದ್ಯಾಲಯಗಳು ಒಟ್ಟಿಗೆ ಹುಟ್ಟಿದವು. ಮಂಗಳೂರಿಗೆ ಇತಿಹಾಸಕಾರ ಬಿ. ಷೇಕ್ ಅಲಿ ಮೊದಲ ಕುಲಪತಿಯಾದರು. ಮುಂದೆ ಗೋವಾ ವಿಶ್ವವಿದ್ಯಾಲಯಕ್ಕೂ ಅವರೇ ಮೊದಲಿಗರು. ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಲ್ಲ ಕಲೆತ ಕರಾವಳಿಗೆ ಹೊರಗಿನ ಒಬ್ಬ ವಿದ್ವಾಂಸ ಅಡಿಪಾಯ ಹಾಕಬಹುದು ಎಂಬುದಕ್ಕೆ ಆ ನೇಮಕ ಸಾಕ್ಷಿ. ನಾವು ಬಳ್ಳಾರಿಯವರು ಗುಲ್ಬರ್ಗಾಕ್ಕೆ ಸೇರಿದೆವು. ಒಂದು ಮಾರ್ಕ್ಸ್ ಕಾರ್ಡಿನ ತಪ್ಪು ತಿದ್ದಿಸಲು ರಾತ್ರಿ ರೈಲು ಹತ್ತಿ ಗುಂತಕಲ್ಲು, ರಾಯಚೂರು, ವಾಡಿ ದಾಟಿ ಹೋಗಬೇಕು. ಕಚೇರಿಯಲ್ಲಿ ನನಗೆ ಸಿಕ್ಕ ಪ್ರವಾಸ ಭತ್ಯೆಯೆಲ್ಲ ಆ ದಾರಿಯದೇ.

ಬಳ್ಳಾರಿ ಜಿಲ್ಲೆಗೆ ಕುಲಪತಿ ಎಂಬುವರು ಮೊದಲು ಬಂದದ್ದು ಹಂಪಿಗೆ. 1991ರಲ್ಲಿ ಕನ್ನಡ ವಿಶ್ವವಿದ್ಯಾಲಯ, ಮೊದಲ ಕುಲಪತಿ ಚಂದ್ರಶೇಖರ ಕಂಬಾರ. ಆಮೇಲೆ ಎಂ. ಎಂ. ಕಲಬುರ್ಗಿ, ಲಕ್ಕಪ್ಪಗೌಡ, ಕರಾವಳಿಯ ಬಿ. ಎ. ವಿವೇಕ ರೈ. 2015ರಲ್ಲಿ ಮಲ್ಲಿಕಾ ಘಂಟಿ, ಅಲ್ಲಿನ ಮೊದಲ ಮಹಿಳಾ ಕುಲಪತಿ. ಈ ಪಟ್ಟಿಯನ್ನು ಒಮ್ಮೆ ಓದಿ ನೋಡಿ: ಉತ್ತರ, ದಕ್ಷಿಣ, ಕರಾವಳಿ ಎಲ್ಲ ಬಂದಿದೆ. ಒಂದೇ ಕುರ್ಚಿಯಲ್ಲಿ ನಾಡನ್ನು ಕೂಡಿಸುವುದು ಒಂದು ಅವಧಿಯಲ್ಲಿ ಆಗದ ಕೆಲಸ, ಕಾಲು ಶತಮಾನದಲ್ಲಿ ಆಗುವ ಕೆಲಸ.

2010ರಲ್ಲಿ ಬಳ್ಳಾರಿಯ ಕಂಟೋನ್ಮೆಂಟಿನ ಕಡೆ, ಗುಲ್ಬರ್ಗಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಇದ್ದಲ್ಲೇ ನಮ್ಮದೇ ವಿಶ್ವವಿದ್ಯಾಲಯ ಬಂತು. ಮೊದಲ ಕುಲಪತಿ ಮಂಜಪ್ಪ ಹೊಸಮನೆ. ಮಗಳ ಓದು ಈ ವಿಶ್ವವಿದ್ಯಾಲಯದಲ್ಲೇ ಮುಗಿಯಿತು. ಸಂಡೂರಿನ ಗಣಿ ಕೂಲಿಗಳ ಮಕ್ಕಳು, ಸಿರುಗುಪ್ಪದ ಭತ್ತದ ಗದ್ದೆಯವರು, ಕುರುಗೋಡಿನವರು, ತಾಂಡಾಗಳ ಲಂಬಾಣಿ ಹುಡುಗಿಯರು, ವಾಲ್ಮೀಕಿ ನಾಯಕರು, ಉರ್ದು ಮನೆಮಾತಿನವರು, ತೆಲುಗಿನವರು ಎಲ್ಲರೂ ಒಂದೇ ಬೆಂಚಿನಲ್ಲಿ. ಇವರಲ್ಲಿ ಬಹಳ ಮಂದಿ ತಮ್ಮ ಮನೆಯಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು.

ಇನ್ನು ಆಯ್ಕೆಯ ದಾರಿ. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ 2000, ಅದರ 14ನೇ ಪ್ರಕರಣ. ನಾಲ್ವರ ಶೋಧನಾ ಸಮಿತಿ: ಕುಲಾಧಿಪತಿಗಳಾದ ರಾಜ್ಯಪಾಲರ ಕಡೆಯಿಂದ ಒಬ್ಬರು, ಯುಜಿಸಿಯಿಂದ ಒಬ್ಬರು, ರಾಜ್ಯ ಸರ್ಕಾರದಿಂದ ಒಬ್ಬರು, ವಿಶ್ವವಿದ್ಯಾಲಯದ ಸಿಂಡಿಕೇಟಿನಿಂದ ಒಬ್ಬರು. ಸಮಿತಿ ಮೂವರ ಹೆಸರನ್ನು ಅಕಾರಾದಿಯಾಗಿ ಬರೆದು ಸರ್ಕಾರಕ್ಕೆ ಕೊಡಬೇಕು. ಇವರು ಮೊದಲು, ಇವರು ಎರಡನೆಯವರು ಎಂದು ಹೇಳುವ ಹಾಗಿಲ್ಲ. ಸರ್ಕಾರ ಅದನ್ನು ರಾಜಭವನಕ್ಕೆ ಕಳಿಸುತ್ತದೆ. ಅರ್ಹತೆ, ಸಮಾನತೆ, ಸಾಮಾಜಿಕ ನ್ಯಾಯ ಮೂರನ್ನೂ ಗಮನದಲ್ಲಿಟ್ಟು, ಸರ್ಕಾರದ ಸಹಮತಿ ಪಡೆದು, ರಾಜ್ಯಪಾಲರು ಒಬ್ಬರನ್ನು ನೇಮಿಸಬೇಕು.

ಆ ಮೂರು ಗುಣಗಳನ್ನು ಕಾನೂನಿನೊಳಗೇ ಬರೆದಿಟ್ಟದ್ದು ಸುಮ್ಮನಲ್ಲ. ಬಳ್ಳಾರಿ ಲೋಕಸಭಾ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲು. ಅಧ್ಯಾಪಕರ ನೇಮಕಕ್ಕೆ ರೋಸ್ಟರ್ ಇದೆ, ಸಂವಿಧಾನದ 371ಜೆ ವಿಧಿ ಬಂದ ಮೇಲೆ ಈ ಭಾಗದವರಿಗೆ ಪಾಲೂ ಇದೆ. ಕುಲಪತಿಯ ಹುದ್ದೆ ಮಾತ್ರ ಒಂಟಿ. ಒಂದೇ ಹುದ್ದೆಯನ್ನು ಮೀಸಲಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1998ರಲ್ಲೇ ಹೇಳಿಯಾಗಿದೆ. ಹಾಗಾಗಿ ಮೀಸಲಾತಿ ಕಾಲಿಡಲಾಗದ ಈ ಕುರ್ಚಿಗೆ ಶಾಸಕಾಂಗ ತನ್ನ ಮನಸ್ಸನ್ನು ಅಷ್ಟರಲ್ಲಿ ಹೇಳಿ, ಉಳಿದದ್ದನ್ನು ಆರಿಸುವವರ ಆತ್ಮಸಾಕ್ಷಿಗೆ ಬಿಟ್ಟಿತು.

ಆತ್ಮಸಾಕ್ಷಿಗೆ ಬಿಟ್ಟದ್ದು ಹೋಟೆಲಿಗೆ ಬರುತ್ತದೆ. ಅವಧಿ ಮುಗಿಯುವ ಕಾಲಕ್ಕೆ ಬಳ್ಳಾರಿಯಲ್ಲಿ ಒಗ್ಗರಣೆ–ಮಿರ್ಚಿಯ ಯಾವ ಹೋಟೆಲಿನಲ್ಲಿ ಕೂತರೂ ಅದೇ ಮಾತು.

‘ಮೂರು ಹೆಸರು ಹೋಗ್ಯಾವಂತಲ್ರೀ ಸರ?’

‘ಹೋಗ್ಯಾವ. ಒಬ್ಬರಿಗೆ ವಿಧಾನಸೌಧ ಐತಿ, ಒಬ್ಬರಿಗೆ ದಿಲ್ಲಿ ಐತಿ.’

‘ಮೂರನೇದವರಿಗೆ?’

‘ಅವರಿಗೆ ಬಯೋಡೇಟಾ ಒಂದೇ ಐತಿ.’

ಎಲ್ಲರೂ ನಗುತ್ತಾರೆ. ಪ್ಲೇಟಿನ ಮಂಡಾಳು ಮುಗಿಯುವಷ್ಟರಲ್ಲಿ ಮೂವರ ಜಾತಿ, ಉಪಜಾತಿ, ಮಠ, ಬೀಗರ ಊರು ಎಲ್ಲ ತೀರ್ಮಾನವಾಗಿರುತ್ತದೆ. ಅವರು ಏನು ಸಂಶೋಧನೆ ಮಾಡಿದ್ದಾರೆ, ಎಷ್ಟು ಮಕ್ಕಳಿಗೆ ಪಾಠ ಹೇಳಿದ್ದಾರೆ ಎಂದು ಕೇಳಿದವರನ್ನು ನಾನು ಕಾಣೆ. ಹೋಟೆಲಿನವರನ್ನು ಬೈದು ಫಲವಿಲ್ಲ. ಕಾರಣ ಹೇಳದೆ ಆರಿಸಿದರೆ ಜನ ತಮಗೆ ತಿಳಿದ ಕಾರಣವನ್ನು ತುಂಬಿಕೊಳ್ಳುತ್ತಾರೆ.

ಸ್ವಾತಂತ್ರ್ಯ ಬಂದ ಹೊಸದರಲ್ಲೇ ಇದನ್ನು ಯೋಚಿಸಿದವರಿದ್ದರು. ರಾಧಾಕೃಷ್ಣನ್ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ 1949ರಲ್ಲಿ ವರದಿ ಕೊಟ್ಟಿತು. ನಮ್ಮಪ್ಪನ ಕುಲಪತಿ ಲಕ್ಷ್ಮಣಸ್ವಾಮಿಗಳೂ ಅದರ ಸದಸ್ಯರು. ಕುಲಪತಿ ಪೂರ್ಣಾವಧಿಯವರಾಗಿರಲಿ, ವಿಶ್ವವಿದ್ಯಾಲಯದ ಕಾರ್ಯಕಾರಿ ಮಂಡಳಿಯೇ ಹೆಸರು ಸೂಚಿಸಲಿ ಎಂಬುದು ಅದರ ಸಲಹೆ. ಅಂದರೆ ಮನೆಯವರ ಮಾತು ಮೊದಲು. ಆಮೇಲೆ ಬಂದ ಕಾನೂನುಗಳಲ್ಲಿ ಮನೆಯವರಿಗೆ ಉಳಿದದ್ದು ನಾಲ್ಕರಲ್ಲಿ ಒಂದು ಸ್ಥಾನ. 2022ರಲ್ಲಿ ಗುಜರಾತಿನ ಸರ್ದಾರ್ ಪಟೇಲ್ ವಿಶ್ವವಿದ್ಯಾಲಯದ ಮೊಕದ್ದಮೆಯಲ್ಲಿ, ಯುಜಿಸಿ ನಿಯಮ ಮೀರಿದ ಕುಲಪತಿ ನೇಮಕ ನಿಲ್ಲದು ಎಂದು ಸುಪ್ರೀಂ ಕೋರ್ಟ್ ಹೇಳಿತು. 2025ರ ಜನವರಿಯಲ್ಲಿ ಯುಜಿಸಿಯ ಹೊಸ ಕರಡು ಬಂದಾಗ, ರಾಜ್ಯಗಳ ಮಾತೇ ಇಲ್ಲವಾಗುತ್ತದೆಂದು ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಹಲವು ರಾಜ್ಯಗಳ ಉನ್ನತ ಶಿಕ್ಷಣ ಸಚಿವರು ಸೇರಿ ವಿರೋಧಿಸಿದರು. ದಿಲ್ಲಿಗೂ ಬೆಂಗಳೂರಿಗೂ ಹಗ್ಗಜಗ್ಗಾಟ. ಬಳ್ಳಾರಿಯ ಪಾಲಿನ ಬಗ್ಗೆ ಎರಡೂ ಕಡೆಯವರು ಮಾತಾಡಲಿಲ್ಲ.

ಇಷ್ಟು ವರ್ಷ ಸಹಿ ನೋಡಿದವನಾಗಿ ನನ್ನ ತೀರ್ಮಾನ ಇದು: ಹೊರಗಿನವರು ಬಂದರು ಎಂದು ಯಾವ ವಿಶ್ವವಿದ್ಯಾಲಯವೂ ಕೆಡಲಿಲ್ಲ, ನಮ್ಮವರು ಎಂದ ಮಾತ್ರಕ್ಕೆ ಯಾವುದೂ ಉದ್ಧಾರವಾಗಲಿಲ್ಲ. ಸೀಲ್, ಷೇಕ್ ಅಲಿ, ಕುವೆಂಪು, ಪಾವಟೆ ಇವರೆಲ್ಲ ಬೇರೆ ಬೇರೆ ದಾರಿಯಲ್ಲಿ ಬಂದವರು. ಏಕೆ ಇವರು ಎಂದು ಕೇಳಿದರೆ ಒಂದು ವಾಕ್ಯದಲ್ಲಿ ಉತ್ತರ ಕೊಡಬಹುದಾಗಿತ್ತು. ಈಗ ತಪ್ಪಿಹೋಗಿರುವುದು ಆ ಒಂದು ವಾಕ್ಯ.

ಅದನ್ನು ಮರಳಿ ಪಡೆಯಲು ಕಾನೂನು ತಿದ್ದಬೇಕಾಗಿಲ್ಲ. ಸಮಿತಿ ಕೊಟ್ಟ ಮೂರು ಹೆಸರುಗಳನ್ನು, ಅವರ ಕೆಲಸದ ವಿವರವನ್ನು ನೇಮಕದ ದಿನವೇ ವಿಶ್ವವಿದ್ಯಾಲಯದ ನೋಟಿಸ್ ಬೋರ್ಡಿಗೆ ಹಾಕಲಿ. ಆಯ್ಕೆಯಾದವರಲ್ಲಿ ಅರ್ಹತೆ ಏನು ಕಂಡಿತು, ಸಾಮಾಜಿಕ ನ್ಯಾಯ ಹೇಗೆ ಪಾಲನೆಯಾಯಿತು ಎಂದು ಅರ್ಧ ಪುಟ ಬರೆಯಲಿ. ಸಿಂಡಿಕೇಟಿನ ಸದಸ್ಯರು ತಮ್ಮ ಪಾಲಿನ ಒಬ್ಬರನ್ನು ಸಮಿತಿಗೆ ಕಳಿಸುವ ಮುನ್ನ ಸಂಡೂರು, ಸಿರುಗುಪ್ಪ, ಮೋಕದ ಕಡೆಯ ಕಾಲೇಜುಗಳ ಮೇಷ್ಟ್ರುಗಳನ್ನೂ ವಿದ್ಯಾರ್ಥಿಗಳನ್ನೂ ಒಮ್ಮೆ ಕೇಳಲಿ. ಅವಧಿ ಮುಗಿಯುವ ದಿನಾಂಕ ನಾಲ್ಕು ವರ್ಷ ಮೊದಲೇ ಗೊತ್ತಿರುತ್ತದೆ. ಪ್ರಭಾರ ಕುಲಪತಿಯ ಕೈಗೆ ಕಡತ ಹೋಗುವ ಮೊದಲೇ ಸಮಿತಿ ಕೂರಲಿ. ಸಿಂಡಿಕೇಟಿನಲ್ಲಿ ಕೂತಿರುವ ಬಳ್ಳಾರಿ ಸೀಮೆಯವರೇ, ಮುಂದಿನ ಸಲ ಈ ಮಾತನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.