ನೀರು ಹೊಕ್ಕ ಒಡಲು

ಮಲ್ಪೆಯ ದಡದಲ್ಲಿ ಮಗುಚಿ ಇಟ್ಟಿದ್ದ ಹಳೆಯ ಫೈಬರ್ ದೋಣಿಯನ್ನು ಹಿರಿಯರೊಬ್ಬರು ಸಣ್ಣ ಸುತ್ತಿಗೆಯಿಂದ ತಟ್ಟುತ್ತಿದ್ದುದನ್ನು ನಾನೊಮ್ಮೆ ಕಂಡೆ. ಅವರ ಸೋದರಳಿಯ ಸಾಲಮಾಡಿ ಕೊಳ್ಳಲಿದ್ದ ದೋಣಿ ಅದು. ನಾದ ಸ್ಪಷ್ಟವಾಗಿದ್ದರೆ ಒಡಲು ಗಟ್ಟಿ. ಮಂದವಾದರೆ ಒಳಪದರ ಬಿಟ್ಟಿರಬಹುದು.

1942ರಲ್ಲಿ ಅಮೆರಿಕದ ಓಹಿಯೊದಲ್ಲಿ ರೇ ಗ್ರೀನ್ ಎಂಬಾತ ಗಾಜಿನ ನಾರು ಹಾಗೂ ಪಾಲಿಯೆಸ್ಟರ್ ರಾಳದಿಂದ ಪುಟ್ಟ ದೋಣಿಯೊಂದನ್ನು ನಿರ್ಮಿಸಿದ. ಮರಕೊರೆಯುವ ಹುಳುವಿನಿಂದ ದೋಣಿಗೆ ಬಿಡುಗಡೆ ದೊರೆಯಿತು, ನೀರಿನಿಂದ ದೊರೆಯಲಿಲ್ಲ.

ಇದರ ಮರ್ಮ ಇನ್ನೂ ಹಳೆಯದು. 1748ರಲ್ಲಿ ಫ್ರಾನ್ಸಿನ ನೊಲೆ, ಮದ್ಯಸಾರ ತುಂಬಿದ ಪಾತ್ರೆಯ ಬಾಯಿಗೆ ಹಂದಿಯ ಮೂತ್ರಕೋಶದ ಪೊರೆಯನ್ನು ಬಿಗಿದು ನೀರಿನಲ್ಲಿಟ್ಟ. ನೀರು ಒಳಸೇರಿ ಪೊರೆ ಉಬ್ಬಿತು. ಅಭಿಸರಣೆಯೆಂದರೆ ಇದೇ. ದೋಣಿಯ ಹೊರಲೇಪವನ್ನು ದಾಟಿದ ನೀರು ರಾಳದೊಳಗಿನ ಕರಗುವ ಅಂಶಗಳನ್ನು ಕರಗಿಸಿ, ಮತ್ತಷ್ಟು ನೀರನ್ನು ಸೆಳೆದು ಗುಳ್ಳೆ ಎಬ್ಬಿಸುತ್ತದೆ. ಒಡೆದರೆ ಹುಳಿ ವಾಸನೆ.

ಈಗ ತೇವಮಾಪಕಗಳುಂಟು. ಆದರೆ ಆಗಷ್ಟೇ ದಡಕ್ಕೆಳೆದ ದೋಣಿಯ ಹೊರಮೈ ತೇವವೇ ಅವನ್ನು ದಾರಿತಪ್ಪಿಸೀತು. ಒಣಗಬಿಟ್ಟು ಮತ್ತೆ ಮತ್ತೆ ಅಳೆಯಬೇಕು.

ಅಂದು ಒಂದೆಡೆ ಸುತ್ತಿಗೆಯ ದನಿ ಕುಗ್ಗಿತು. ಹಿರಿಯರು ಅಲ್ಲೇ ಮೂರು ಬಾರಿ ತಟ್ಟಿದರು, ಮಾತಾಡಲಿಲ್ಲ. ಅಳಿಯ ಮುಂಗಡದ ಹಣವನ್ನು ಮರಳಿ ಸೊಂಟಕ್ಕೆ ಸಿಕ್ಕಿಸಿಕೊಂಡ.